ಹವಳದ ತೊಟ್ಟಿಯಲ್ಲಿ ಪಾಚಿಯ ಲೆಕ್ಕ

ಉಪ್ಪುನೀರು ತುಂಬಿ ಹವಳ ಸಾಕಲು ಸಿದ್ಧಪಡಿಸಿದ ಹೊಸ ಅಕ್ವೇರಿಯಂ ಅನ್ನು ಗಮನಿಸಿ. ಕೆಲವೇ ವಾರಗಳಲ್ಲಿ ಮರಳಿನ ಮೇಲೆ ಕಂದು ಪದರ ಮೂಡುತ್ತದೆ. ಅದು ಡಯಾಟಮ್‌ಗಳ ಪದರ. ಆನಂತರ ಕಲ್ಲುಗಳ ಮೇಲೆ ಕೂದಲಿನಂಥ ಹಸಿರು ಪಾಚಿ ಬೆಳೆಯುತ್ತದೆ. ಅದನ್ನು ಹಬ್ಬಲು ಬಿಟ್ಟರೆ ಹವಳಕ್ಕೆ ಬೆಳಕು ಸಿಗದೆ ಅದು ಸಾಯಬಹುದು. ಹಾಗಾದರೆ ಪಾಚಿಯನ್ನು ಹತೋಟಿಯಲ್ಲಿಡುವುದು ಹೇಗೆ?

ಮೀನಿನ ಆಹಾರದಲ್ಲಿ ಸಾರಜನಕವೂ ರಂಜಕವೂ ಇರುತ್ತವೆ. ಆಹಾರ ಕೊಳೆತಾಗ ಅಥವಾ ಜೀರ್ಣವಾದಾಗ ವಿಷಕಾರಿ ಅಮೋನಿಯ ಉಂಟಾಗುತ್ತದೆ. ಕಲ್ಲು, ಮರಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಇವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಮೋನಿಯ, ನೈಟ್ರೈಟ್‌ಗಳೆರಡೂ ಸೊನ್ನೆಗೆ ಇಳಿಯುವ ತನಕ ಮೀನು ಬಿಡಬಾರದು. ಉಳಿದುಕೊಳ್ಳುವ ನೈಟ್ರೇಟ್, ಫಾಸ್ಫೇಟ್‌ಗಳು ಪಾಚಿಗೆ ಗೊಬ್ಬರವಾಗುತ್ತವೆ.

ನೀರು ಬದಲಿಸಿದರೆ ಸಾಲದೆ? ಲೆಕ್ಕ ಮಾಡಿ ನೋಡೋಣ. 100 ಲೀಟರ್ ತೊಟ್ಟಿಯಲ್ಲಿ ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇದೆಯೆನ್ನಿ. ವಾರಕ್ಕೊಮ್ಮೆ 10 ಲೀಟರ್ ತೆಗೆದು, ನೈಟ್ರೇಟ್ ಇಲ್ಲದ ಉಪ್ಪುನೀರು ತುಂಬಿದರೆ ಅದು 36ಕ್ಕೆ ಇಳಿಯುತ್ತದೆ. ಆದರೆ ಆ ವಾರದ ಆಹಾರದಿಂದ ಲೀಟರಿಗೆ 4 ಮಿಲಿಗ್ರಾಂ ಸೇರಿದರೆ ಮತ್ತೆ 40! ವರ್ಷವಿಡೀ ನೀರು ಬದಲಿಸಿದರೂ ಫಲ ಇಷ್ಟೇ. ಆಹಾರವನ್ನು ಅರ್ಧಕ್ಕೆ ಇಳಿಸಿದರೆ ಮಟ್ಟ ಕ್ರಮೇಣ 20ರ ಹತ್ತಿರ ನಿಲ್ಲುತ್ತದೆ. ಅಂದರೆ, ವಾರದ ಸೇರ್ಪಡೆಯನ್ನು ಬದಲಿಸುವ ನೀರಿನ ಭಾಗದಿಂದ ಭಾಗಿಸಿದರೆ ಸ್ಥಿರಮಟ್ಟ ದೊರೆಯುತ್ತದೆ.

ಕೆಲವೊಮ್ಮೆ ಪಾಚಿ ದಟ್ಟವಾಗಿದ್ದರೂ ಪರೀಕ್ಷೆಯಲ್ಲಿ ನೈಟ್ರೇಟ್ ಸೊನ್ನೆ ಎಂದು ಬರುತ್ತದೆ. ಪಾಚಿಯೇ ಅದನ್ನು ಹೀರಿಕೊಂಡಿರುತ್ತದೆ. ಆದ್ದರಿಂದ ಪಾಚಿಯನ್ನು ಕೈಯಿಂದ ಕಿತ್ತು ಹೊರಹಾಕಬೇಕು. ಒಳಗೇ ಸತ್ತು ಕೊಳೆತರೆ ಪೋಷಕಗಳು ನೀರಿಗೆ ಮರಳುತ್ತವೆ.

ನೊರೆ ತೆಗೆಯುವ ಸಾಧನವಾದ ಸ್ಕಿಮ್ಮರ್ ಕೂಡ ನೆರವಾಗುತ್ತದೆ. ಪ್ರೋಟೀನಿನಂಥ ಅಣುಗಳು ಗಾಳಿಗುಳ್ಳೆಗಳ ಮೇಲ್ಮೈಗೆ ಅಂಟಿಕೊಂಡು, ಕೊಳೆಯುವ ಮೊದಲೇ ನೊರೆಯೊಡನೆ ಹೊರಬರುತ್ತವೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಸುಲಭವಾಗಿ ಒಂದುಗೂಡದೆ ಚಿಕ್ಕವಾಗಿಯೇ ಉಳಿಯುತ್ತವೆ. ಗುಳ್ಳೆಯ ತ್ರಿಜ್ಯ ಅರ್ಧವಾದರೆ ಅಷ್ಟೇ ಗಾಳಿಗೆ ಎರಡು ಪಟ್ಟು ಮೇಲ್ಮೈ ದೊರೆಯುತ್ತದೆ.

ಹಾಗೆಂದು ಪೋಷಕಗಳನ್ನು ಪೂರ್ಣ ತೆಗೆಯುವುದೂ ಸರಿಯಲ್ಲ. ಹವಳದ ಅಂಗಾಂಶದೊಳಗೆ ಬಾಳುತ್ತ ಅದಕ್ಕೆ ಆಹಾರ ಒದಗಿಸುವ ಸೂಕ್ಷ್ಮ ಶೈವಲಗಳಿಗೂ ಅವು ಬೇಕು. ಹಲವು ಸಾಕಣೆದಾರರು ಲೀಟರಿಗೆ ನೈಟ್ರೇಟನ್ನು 2ರಿಂದ 10 ಮಿಲಿಗ್ರಾಂ, ಫಾಸ್ಫೇಟನ್ನು 0.03ರಿಂದ 0.1 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳುತ್ತಾರೆ.

ಸಮುದ್ರದಲ್ಲೂ ಇದೇ ಲೆಕ್ಕ. ಹವಾಯಿಯ ಕಾನಿಯೋಹೆ ಕೊಲ್ಲಿಗೆ ಚರಂಡಿ ನೀರು ಸೇರುತ್ತಿದ್ದಾಗ ಹವಳದ ಮೇಲೆ ಹಸಿರು ಪಾಚಿ ಹಬ್ಬಿತ್ತು. 1977-78ರಲ್ಲಿ ಆ ನೀರನ್ನು ಬೇರೆಡೆಗೆ ತಿರುಗಿಸಿದ ಬಳಿಕ ಪಾಚಿ ಇಳಿಮುಖವಾಯಿತು.

ಭಾರತದಲ್ಲಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅವನ್ನು ಕಡಲಿನಿಂದ ಕೀಳುವಂತಿಲ್ಲ. ಶಾಲೆಯ ಸಿಹಿನೀರಿನ ತೊಟ್ಟಿಯಲ್ಲೇ ಈ ಲೆಕ್ಕವನ್ನು ಪರೀಕ್ಷಿಸಬಹುದು. ವಾರಕ್ಕೆ 4 ಮಿಲಿಗ್ರಾಂ ಸೇರುತ್ತಿರುವಾಗ 10ರ ಬದಲು 20 ಲೀಟರ್ ಬದಲಿಸಿದರೆ ಮಟ್ಟ ಎಲ್ಲಿ ನಿಲ್ಲುತ್ತದೆ? ನಿಮ್ಮ ವಿದ್ಯಾರ್ಥಿಗಳನ್ನು ಕೇಳಿ.