ಓದುತ್ತಲೇ ಪಾಠ ಹೇಳಲು ಕಲಿಸಿದ ರೀಜನಲ್ ಕಾಲೇಜು

ಮೊದಲು ಡಿಗ್ರಿ, ಆಮೇಲೆ ಬಿ.ಇಡಿ. ನಮ್ಮಲ್ಲಿ ಹೈಸ್ಕೂಲು ಮೇಷ್ಟ್ರಾಗುವ ದಾರಿ ಬಹುಕಾಲ ಇದೇ. ಭೌತಶಾಸ್ತ್ರವನ್ನೋ ಇತಿಹಾಸವನ್ನೋ ಓದಿ ಮುಗಿಸಿದ ಮೇಲೆ ಇನ್ನೊಂದು ಕಾಲೇಜು ಸೇರಿ ಪಾಠ ಹೇಳುವುದನ್ನು ಕಲಿಯಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಮಾತ್ರ ಒಂದು ಸಂಸ್ಥೆ ಅರವತ್ತು ವರ್ಷಗಳಿಂದ ಬೇರೆಯೇ ಹಾದಿ ಹಿಡಿದಿದೆ. ಪಿಯುಸಿ ಮುಗಿಸಿ ಬಂದ ಹುಡುಗ ಹುಡುಗಿಯರು ಅಲ್ಲಿ ವಿಷಯವನ್ನೂ ಅದನ್ನು ಕಲಿಸುವ ಬಗೆಯನ್ನೂ ನಾಲ್ಕು ವರ್ಷ ಒಟ್ಟಿಗೇ ಕಲಿಯುತ್ತಾರೆ. ಕಾಗದಪತ್ರಗಳಲ್ಲಿ ಅದು ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಇಂದಿನ ಹುಡುಗರಿಗೆ ಆರ್‌ಐಇ, ಹಳಬರ ಬಾಯಲ್ಲಿ ರೀಜನಲ್ ಕಾಲೇಜು.

ಇದು ಹುಟ್ಟಿದ್ದು ಮೇಷ್ಟ್ರುಗಳ ಕೊರತೆಯಿಂದ. 1952ರಲ್ಲಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಮಾಧ್ಯಮಿಕ ಶಿಕ್ಷಣ ಆಯೋಗ, ಹೈಸ್ಕೂಲಿನ ಮಕ್ಕಳಿಗೆ ಪುಸ್ತಕದ ಓದಿನ ಜೊತೆಗೆ ಕೃಷಿ, ವಾಣಿಜ್ಯ, ತಂತ್ರವಿದ್ಯೆಗಳೂ ಸಿಗಬೇಕೆಂದಿತು. ಮಲ್ಟಿಪರ್ಪಸ್ ಹೈಸ್ಕೂಲುಗಳು ತೆರೆದವು. ಲೇತ್ ಯಂತ್ರದ ಮುಂದೆಯೋ ಹೊಲದ ಬದುವಿನಲ್ಲೋ ನಿಂತು ಪಾಠ ಹೇಳಬಲ್ಲವರು ಎಲ್ಲಿದ್ದರು? ಮಾಮೂಲಿ ಬಿ.ಇಡಿ ಕಾಲೇಜುಗಳಿಂದ ಅಂಥವರು ಬರುವಂತಿರಲಿಲ್ಲ.

1961ರ ಸೆಪ್ಟೆಂಬರ್ 1ರಂದು ದೆಹಲಿಯಲ್ಲಿ ಎನ್‌ಸಿಇಆರ್‌ಟಿ ಆರಂಭವಾಯಿತು. ಅದರ ಆಶ್ರಯದಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ನಾಲ್ಕು ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಎದ್ದವು. ದಕ್ಷಿಣದ ಪಾಲಿನದು ಮೈಸೂರಿನಲ್ಲಿ 1963ರಲ್ಲಿ ಶುರುವಾಯಿತು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯ ಈ ಯೋಜನೆಗೆ ನೆರವಾಯಿತು. ಪದವಿ ಕೊಡುವ ಹೊಣೆ ಮೈಸೂರು ವಿಶ್ವವಿದ್ಯಾಲಯದ್ದು. ಕುವೆಂಪು ಕನಸಿನ ಮಾನಸಗಂಗೋತ್ರಿ ಆಗಿನ್ನೂ ಎಳೆಯದು. ನಾಲ್ಕು ವರ್ಷದ ಕೋರ್ಸು ಕುರುಕ್ಷೇತ್ರದಲ್ಲಿ 1960ರಲ್ಲೇ ಮೊಳೆತಿತ್ತು. ಅದು ದಕ್ಷಿಣದಲ್ಲಿ ಬೇರುಬಿಟ್ಟಿದ್ದು ಇಲ್ಲಿ.

ಕಾಲೇಜು ಕಣ್ಣುಬಿಡುವಷ್ಟರಲ್ಲಿ ಅದು ಯಾವುದಕ್ಕಾಗಿ ಹುಟ್ಟಿತ್ತೋ ಅದೇ ಅಲುಗಾಡತೊಡಗಿತು. ಎಳೆಯ ವಯಸ್ಸಿನಲ್ಲೇ ಮಕ್ಕಳನ್ನು ಒಂದೊಂದು ಕಸುಬಿನ ಕವಲಿಗೆ ಹಚ್ಚುವುದು ಬೇಡ, ಹತ್ತನೇ ತರಗತಿವರೆಗೆ ಎಲ್ಲರಿಗೂ ಸಾಮಾನ್ಯ ಶಿಕ್ಷಣವಿರಲಿ ಎಂದು 1964–66ರ ಕೊಠಾರಿ ಆಯೋಗ ಹೇಳಿತು. ಮಲ್ಟಿಪರ್ಪಸ್ ಶಾಲೆಗಳ ಕಾಲ ಮುಗಿಯಿತು, ಕಸುಬಿನ ಮೇಷ್ಟ್ರುಗಳ ಕೋರ್ಸುಗಳೂ ಮರೆಯಾದವು. ಉಳಿದದ್ದು ವಿಜ್ಞಾನಕ್ಕೆ ಬಿ.ಎಸ್ಸಿ.ಇಡಿ., ಭಾಷೆ ಮತ್ತು ಸಮಾಜ ವಿಜ್ಞಾನಗಳಿಗೆ ಬಿ.ಎ.ಇಡಿ. ಮೂಲ ಕಾರಣ ಕಳಚಿಬಿದ್ದರೂ ಹೂರಣ ಉಳಿಯಿತು. ಆಗಲೇ ಕೆಲಸದಲ್ಲಿದ್ದ, ತರಬೇತಿಯಿಲ್ಲದ ಮೇಷ್ಟ್ರುಗಳಿಗಾಗಿ ಈ ಕಾಲೇಜುಗಳು 1966ರಿಂದ ಬೇಸಿಗೆ ರಜೆಯ ತರಗತಿ ಮತ್ತು ಅಂಚೆ ಪಾಠಗಳ ಬಿ.ಇಡಿ. ನಡೆಸಿದ್ದೂ ಸಣ್ಣ ಸೇವೆಯಲ್ಲ.

ಸಂಸ್ಥೆಯ ಕಟ್ಟೋಣದಲ್ಲೇ ಅದರ ಗುಟ್ಟಿದೆ. ಪ್ರಾಂಶುಪಾಲರ ಕೆಳಗೆ ಶಿಕ್ಷಣ, ವಿಜ್ಞಾನ ಮತ್ತು ಗಣಿತ ಶಿಕ್ಷಣ, ಸಮಾಜ ವಿಜ್ಞಾನ ಮತ್ತು ಮಾನವಿಕಗಳ ಶಿಕ್ಷಣ, ವಿಸ್ತರಣಾ ಶಿಕ್ಷಣ ಎಂಬ ನಾಲ್ಕು ವಿಭಾಗಗಳು. ಹೀಗಾಗಿ ರಸಾಯನಶಾಸ್ತ್ರದ ಪ್ರಾಧ್ಯಾಪಕರೂ ಬೋಧನಾಶಾಸ್ತ್ರದವರೂ ಒಂದೇ ಸೂರಿನಡಿ, ಒಂದೇ ವಿದ್ಯಾರ್ಥಿಗಾಗಿ ದುಡಿಯುತ್ತಾರೆ. ದಕ್ಷಿಣದ ಐದು ರಾಜ್ಯ, ಪುದುಚೇರಿ, ಲಕ್ಷದ್ವೀಪಗಳು ಇದರ ವ್ಯಾಪ್ತಿ. ಮಲಯಾಳಂ, ತಮಿಳು, ತೆಲುಗು, ಕನ್ನಡದ ಮಕ್ಕಳು ಹಾಸ್ಟೆಲಿನಲ್ಲಿ ಜೊತೆಗಿದ್ದು ಓದುತ್ತಾರೆ. ತನ್ನ ಭಾಷೆಯಾಡದ ಮಗುವಿಗೆ ಹೇಗೆ ತಿಳಿಸಿ ಹೇಳಬೇಕೆಂಬ ಮೊದಲ ಪಾಠ ಅಲ್ಲೇ ಸಿಗುತ್ತದೆ.

ಆವರಣದೊಳಗೇ ಇನ್ನೊಂದಿದೆ: ಡೆಮಾನ್‌ಸ್ಟ್ರೇಷನ್ ಸ್ಕೂಲು. ಅದರ ಪೂರ್ತಿ ಹೆಸರಿನಲ್ಲಿ ‘ಮಲ್ಟಿಪರ್ಪಸ್’ ಎಂಬ ಹಳೆಯ ಕನಸಿನ ಗುರುತು ಇಂದಿಗೂ ಇದೆ. ವೈದ್ಯ ವಿದ್ಯಾರ್ಥಿಗೆ ಆಸ್ಪತ್ರೆ ಹೇಗೋ ಶಿಕ್ಷಕ ವಿದ್ಯಾರ್ಥಿಗೆ ಈ ಶಾಲೆ ಹಾಗೆ. ತರಗತಿಯಲ್ಲಿ ಓದಿದ ಸಿದ್ಧಾಂತ ಏಳನೇ ತರಗತಿಯ ಮಗುವಿನ ಮುಂದೆ ನಿಲ್ಲುತ್ತದೋ ಕುಸಿಯುತ್ತದೋ ಎಂದು ನೋಡಲು ದೂರ ಹೋಗಬೇಕಿಲ್ಲ.

ದೇಶ ಈ ದಾರಿಗೆ ಬರಲು ಬಹಳ ತಡಮಾಡಿತು. 1980ರ ದಶಕದಲ್ಲೇ ಚಟ್ಟೋಪಾಧ್ಯಾಯ ಆಯೋಗ ಸಂಯೋಜಿತ ತರಬೇತಿಯ ಪರವಾಗಿ ಮಾತಾಡಿತ್ತು. ಶಿಕ್ಷಕರ ತರಬೇತಿ ಕಾಲೇಜುಗಳ ದುಃಸ್ಥಿತಿ ಎಷ್ಟು ಗಂಭೀರವಾಗಿತ್ತೆಂದರೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ನೇತೃತ್ವದಲ್ಲಿ ಆಯೋಗವನ್ನೇ ರಚಿಸಬೇಕಾಯಿತು. ಅದರ ವರದಿ ಬಂದದ್ದು 2012ರಲ್ಲಿ. ಕೊನೆಗೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ, 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯೋಜಿತ ಬಿ.ಇಡಿ.ಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದಿತು. ಮೈಸೂರು ಅರವತ್ತರ ದಶಕದಲ್ಲೇ ಆರಂಭಿಸಿದ್ದ ಕ್ರಮಕ್ಕೆ ರಾಷ್ಟ್ರದ ಮುದ್ರೆ ಬಿತ್ತು.

ಇನ್ನು ಮುಂದೆ ಅನೇಕ ಕಾಲೇಜುಗಳ ಬೋರ್ಡಿನಲ್ಲಿ ‘ನಾಲ್ಕು ವರ್ಷ’ ಎಂಬ ಮಾತು ಕಾಣಲಿದೆ. ಕೋರ್ಸಿನ ಅವಧಿಯನ್ನು ಮೈಸೂರಿನಿಂದ ಎರವಲು ಪಡೆಯುವುದು ಸುಲಭ. ಎರವಲು ಪಡೆಯಲೇಬೇಕಾದದ್ದು ಆ ಒಂದೇ ಸೂರಿನ ವಿಭಾಗಗಳನ್ನು, ಆ ಹಾಸ್ಟೆಲನ್ನು, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದಲ್ಲೇ ಮಕ್ಕಳ ಗದ್ದಲ ಕೇಳಿಸುವ ಆ ಶಾಲೆಯನ್ನು. ಮಕ್ಕಳಿಲ್ಲದ ಕಡೆ ಎಷ್ಟು ವರ್ಷ ಓದಿದರೂ ಮೇಷ್ಟ್ರು ತಯಾರಾಗುವುದಿಲ್ಲ.