ಒಂಟಿಯಾಗಿದ್ದಾಗ ಹೃದಯಾಘಾತವಾದರೆ ಕೆಮ್ಮಬೇಕೇ? ಹೃದಯದ ಒಳಗೆ ಒಮ್ಮೆ ನೋಡೋಣ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಮೆಸೇಜ್ ಬಂದಿರಬಹುದು. ನೀವು ಒಬ್ಬರೇ ವಾಹನ ಓಡಿಸುತ್ತಿದ್ದೀರಿ, ಎದೆನೋವು ಶುರುವಾಯಿತು, ಜೋರಾಗಿ ಉಸಿರೆಳೆದು ಮತ್ತೆ ಮತ್ತೆ ಕೆಮ್ಮುತ್ತಿದ್ದರೆ ಆಸ್ಪತ್ರೆ ಮುಟ್ಟುವವರೆಗೆ ಬದುಕಿರುತ್ತೀರಿ, ಹತ್ತು ಜನಕ್ಕೆ ಕಳಿಸಿ ಎನ್ನುತ್ತದೆ ಅದು. ಇಪ್ಪತ್ತೈದು ವರ್ಷಗಳಿಂದ ಜಗತ್ತು ಸುತ್ತುತ್ತಿರುವ ಈ ಸಂದೇಶ ಮೊದಲು ಇಮೇಲಿನಲ್ಲಿತ್ತು, ಈಗ ವಾಟ್ಸಾಪಿನಲ್ಲಿದೆ.

ಇದು ಸುಳ್ಳು. ಬರೀ ಸುಳ್ಳಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಸೊರಬ ಅಥವಾ ಶಿಕಾರಿಪುರದ ಒಂದು ಹಳ್ಳಿಯಲ್ಲಿ ಇದನ್ನು ನಂಬಿ ಕೆಮ್ಮುತ್ತಾ ಕೂತರೆ, ಜೀವ ಉಳಿಸುವ ಸಮಯವೇ ಕಳೆದುಹೋಗುತ್ತದೆ. ಯಾಕೆ ಸುಳ್ಳು ಎಂದು ತಿಳಿಯಲು ಹೃದಯ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಸಾಕು.

ನಾಲ್ಕು ಕೋಣೆ, ನಾಲ್ಕು ಬಾಗಿಲು

ಹೃದಯ ಸುಮಾರು ನಿಮ್ಮ ಮುಷ್ಟಿಯಷ್ಟು ದೊಡ್ಡದು. ಅದು ಎದೆಯ ಎಡಕ್ಕಿದೆ ಎಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ಅದು ಎದೆಯ ನಡುವೆ, ಎದೆಮೂಳೆಯ ಹಿಂದೆ ಇದೆ. ಅದರ ತುದಿ ಎಡಕ್ಕೆ ವಾಲಿರುವುದರಿಂದ ಬಡಿತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಒಳಗೆ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಹೃತ್ಕರ್ಣಗಳು, ಕೆಳಗಿನ ಎರಡು ಹೃತ್ಕುಕ್ಷಿಗಳು. ಮೈಯೆಲ್ಲಾ ಸುತ್ತಿ ಆಮ್ಲಜನಕ ಖರ್ಚು ಮಾಡಿದ ರಕ್ತ ಬಲ ಹೃತ್ಕರ್ಣಕ್ಕೆ ಬಂದು, ಬಲ ಹೃತ್ಕುಕ್ಷಿಗೆ ಇಳಿದು, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡು ಎಡ ಹೃತ್ಕರ್ಣಕ್ಕೆ ವಾಪಸಾಗಿ, ಎಡ ಹೃತ್ಕುಕ್ಷಿಗೆ ಇಳಿಯುತ್ತದೆ. ಎಡ ಹೃತ್ಕುಕ್ಷಿಯ ಗೋಡೆ ಎಲ್ಲಕ್ಕಿಂತ ದಪ್ಪ. ತಲೆಯಿಂದ ಕಾಲ್ಬೆರಳಿನವರೆಗೆ ರಕ್ತ ತಳ್ಳುವುದು ಅದೇ.

ರಕ್ತ ಹಿಂದಕ್ಕೆ ಹರಿಯದಂತೆ ತಡೆಯಲು ನಾಲ್ಕು ಕವಾಟಗಳಿವೆ. ಇವು ಒಂದೇ ಕಡೆಗೆ ತೆರೆಯುವ ಬಾಗಿಲುಗಳು. ಡಾಕ್ಟರ್ ಸ್ಟೆತಸ್ಕೋಪಿನಲ್ಲಿ ಕೇಳುವ ‘ಲಬ್-ಡಬ್’ ಈ ಬಾಗಿಲುಗಳು ಮುಚ್ಚುವಾಗಿನ ಸದ್ದು.

ರಕ್ತ ಸುತ್ತುತ್ತದೆ ಎಂದು ಗೊತ್ತಾಗಿದ್ದು ಒಂದು ಲೆಕ್ಕದಿಂದ

ಹಿಂದೆ ಯುರೋಪಿನ ವೈದ್ಯರು, ತಿಂದ ಆಹಾರದಿಂದ ಯಕೃತ್ತಿನಲ್ಲಿ ರಕ್ತ ತಯಾರಾಗಿ ಮೈಯಲ್ಲಿ ಖರ್ಚಾಗಿಬಿಡುತ್ತದೆ ಎಂದು ನಂಬಿದ್ದರು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಇದನ್ನು ಲೆಕ್ಕ ಹಾಕಿ ಮುರಿದ.

ಇವತ್ತಿನ ಅಂಕಿಗಳಲ್ಲಿ ನೀವೇ ಮಾಡಿ ನೋಡಿ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ. ಅಂದರೆ ನಿಮಿಷಕ್ಕೆ ಸುಮಾರು 5 ಲೀಟರ್, ಗಂಟೆಗೆ 300 ಲೀಟರ್! ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 5 ಲೀಟರ್. ಎಷ್ಟೇ ಊಟ ಮಾಡಿದರೂ ಗಂಟೆಗೆ 300 ಲೀಟರ್ ಹೊಸ ರಕ್ತ ಆಗುವುದಿಲ್ಲ. ಹಾಗಾಗಿ ಅದೇ ರಕ್ತ ಮತ್ತೆ ಮತ್ತೆ ಸುತ್ತುತ್ತಿರಲೇಬೇಕು.

ಸೊರಬ, ಶಿಕಾರಿಪುರ ಕೆರೆಗಳ ಸೀಮೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತದೆ, ಮತ್ತೆ ಮೇಲೆ ಬರುವುದಿಲ್ಲ. ರಕ್ತ ಹಾಗಲ್ಲ, ಹೊರಟಲ್ಲಿಗೇ ಬರುತ್ತದೆ.

ಕೆರೆ ತುಂಬಿದೆ, ಗದ್ದೆ ಒಣಗಿದೆ

ಈಗ ಮುಖ್ಯ ವಿಷಯ. ಹೃದಯದ ಕೋಣೆಗಳ ತುಂಬಾ ರಕ್ತವಿದ್ದರೂ, ಹೃದಯದ ದಪ್ಪ ಗೋಡೆ ಆ ರಕ್ತವನ್ನು ನೇರವಾಗಿ ಹೀರಿಕೊಳ್ಳಲಾರದು. ಮಹಾಧಮನಿಯ ಬುಡದಲ್ಲೇ ಕವಲೊಡೆಯುವ ಕೊರೊನರಿ ಎಂಬ ಸಣ್ಣ ರಕ್ತನಾಳಗಳು ಹೃದಯದ ಮೈಮೇಲೆ ಹರಡಿ ಅದಕ್ಕೆ ರಕ್ತ ಕೊಡುತ್ತವೆ.

ಕೆರೆ ಏರಿಯ ಪಕ್ಕದಲ್ಲೇ ಗದ್ದೆ ಇದ್ದರೂ, ತೂಬಿನಿಂದ ಬರುವ ಕಾಲುವೆಯಲ್ಲಿ ಹೂಳು ತುಂಬಿದರೆ ಪೈರು ಒಣಗುತ್ತದೆ ಅಲ್ಲವೇ? ಹೃದಯಾಘಾತವೂ ಹೀಗೆಯೇ. ಕೊರೊನರಿ ನಾಳದೊಳಗೆ ಕೊಬ್ಬು ಕಟ್ಟಿದ ಜಾಗ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ದಾರಿ ಮುಚ್ಚುತ್ತದೆ. ಅದರ ಮುಂದಿನ ಸ್ನಾಯು ಸಾಯತೊಡಗುತ್ತದೆ.

ಕೆಮ್ಮಿದರೆ ಎದೆಯೊಳಗಿನ ಒತ್ತಡ ಕ್ಷಣಕಾಲ ಏರುತ್ತದೆ, ಅಷ್ಟೇ. ಹೆಪ್ಪು ಕರಗುವುದಿಲ್ಲ. ಏರಿ ಮೇಲೆ ನಿಂತು ಕುಣಿದರೆ ಕಾಲುವೆಯ ಹೂಳು ಹೋಗುತ್ತದೆಯೇ?

ಫಾರ್ವರ್ಡ್ ಮಾಡಿದ ಎಡವಟ್ಟು

ಈ ಮೆಸೇಜ್ ಎರಡು ಬೇರೆ ಬೇರೆ ಸಮಸ್ಯೆಗಳನ್ನು ಒಂದು ಮಾಡಿದೆ. ಹೃದಯಾಘಾತದಲ್ಲಿ ಸಾಮಾನ್ಯವಾಗಿ ಹೃದಯ ಬಡಿಯುತ್ತಲೇ ಇರುತ್ತದೆ, ರೋಗಿಗೆ ಎಚ್ಚರವಿರುತ್ತದೆ. ಆಗ ಕೆಮ್ಮಿನಿಂದ ಲಾಭವಿಲ್ಲ. ಹೃದಯ ಸ್ತಂಭನದಲ್ಲಿ ಪಂಪೇ ನಿಲ್ಲುತ್ತದೆ. ಆಗ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಪ್ರಜ್ಞೆ ಇಲ್ಲದವರು ಕೆಮ್ಮುವುದು ಹೇಗೆ?

ಆಸ್ಪತ್ರೆಯಲ್ಲಿ ಮಾನಿಟರ್ ಜೋಡಿಸಿರುವಾಗ, ಬಡಿತ ಹಠಾತ್ತಾಗಿ ತಪ್ಪಿದರೆ ವೈದ್ಯರು ಕೆಲವೊಮ್ಮೆ ಕೆಮ್ಮಲು ಹೇಳುವುದುಂಟು. ಮೆಸೇಜಿನ ಬೀಜ ಇದೇ ಇರಬಹುದು. ಆದರೆ ಮನೆಯಲ್ಲೋ ರಸ್ತೆಯಲ್ಲೋ ಮಾಡಬೇಕಾದ ಚಿಕಿತ್ಸೆ ಅದಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಕೂಡ ಇದನ್ನು ಒಪ್ಪುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಎದೆಯ ಮೇಲೆ ಭಾರ ಇಟ್ಟಂತಾಗುವುದು, ನೋವು ತೋಳಿಗೆ, ದವಡೆಗೆ, ಬೆನ್ನಿಗೆ ಅಥವಾ ಹೊಟ್ಟೆಯ ಮೇಲ್ಭಾಗಕ್ಕೆ ಹರಡುವುದು, ತಣ್ಣನೆಯ ಬೆವರು, ಉಸಿರಾಟದ ತೊಂದರೆ: ಇವು ಎಚ್ಚರಿಕೆಯ ಲಕ್ಷಣಗಳು. ಮಹಿಳೆಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ ಕಾಣಬಹುದು. “ಗ್ಯಾಸ್ಟ್ರಿಕ್ ಇರಬೇಕು” ಎಂದು ಸೋಡಾ ಕುಡಿದು ಮಲಗಬೇಡಿ.

ತಕ್ಷಣ 108ಕ್ಕೆ ಕರೆ ಮಾಡಿ. ಒಬ್ಬರೇ ಇದ್ದರೆ ಬಾಗಿಲು ತೆರೆದಿಟ್ಟು, ನೆರೆಯವರಿಗೆ ಫೋನ್ ಮಾಡಿ, ಕುಳಿತುಕೊಳ್ಳಿ. ಬೈಕ್, ಕಾರು ನೀವೇ ಓಡಿಸಬೇಡಿ.

ಶಿಕಾರಿಪುರದಿಂದ ಶಿವಮೊಗ್ಗ ಸುಮಾರು 50 ಕಿಲೋಮೀಟರ್, ಸೊರಬದಿಂದ ಇನ್ನೂ ದೂರ. ಹಾಗಾಗಿ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಲಿ. 2021ರಲ್ಲಿ ನಮ್ಮನ್ನು ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ನಡೆಸುತ್ತಿರುವ ‘ಹೃದಯ ಜ್ಯೋತಿ’ ಯೋಜನೆ ಇರುವುದೇ ಇದಕ್ಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಟ್ಟು, ನಂತರ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ನೋವು ಶುರುವಾದ ಮೊದಲ ಕೆಲವು ಗಂಟೆಗಳಲ್ಲೇ ಈ ಇಂಜೆಕ್ಷನ್ನಿನ ಪ್ರಯೋಜನ ಹೆಚ್ಚು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಹೇಗಿದೆ ಎಂದು ಆರೋಗ್ಯವಾಗಿರುವಾಗಲೇ ಕೇಳಿಟ್ಟುಕೊಳ್ಳಿ.

ಕಣ್ಣೆದುರು ಯಾರಾದರೂ ಕುಸಿದು, ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಸಿಪಿಆರ್ ಬೇಕು. 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿ. ನಿಂತ ಪಂಪಿನ ಕೆಲಸವನ್ನು ಆಗ ನಿಮ್ಮ ಕೈ ಮಾಡುತ್ತದೆ. ಹೃದಯ ಎದೆಯ ನಡುವೆ ಇದೆ ಎಂದು ತಿಳಿದಿರಬೇಕಾದದ್ದು ಇದಕ್ಕೇ.

ಕೆಮ್ಮಿನ ಮೆಸೇಜ್ ಮತ್ತೆ ಬಂದರೆ, ಅದನ್ನು ಕಳಿಸಿದವರ ಮೇಲೆ ಸಿಟ್ಟಾಗಬೇಡಿ. ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಅವರಿಗೆ ಇದನ್ನು ಕಳಿಸಿ.