ಮುಸ್ಯಾಗೆ ಬಿಸ್ಕತ್ತು ಬ್ಯಾಡ!

ಮೊನ್ನೆ ರಜೆಯಲ್ಲಿ ಮೊಮ್ಮಗಳೊಂದಿಗೆ ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೆ ಹೋಗಿದ್ದೆ. ಭೀಮಾ-ಅಮರ್ಜಾ ನದಿಗಳು ಕೂಡುವ ಸಂಗಮದ ದಾರಿಯಲ್ಲಿ ಕಪ್ಪು ಮುಖದ, ಉದ್ದ ಬಾಲದ ಮುಸ್ಯಾವೊಂದು ಮರದ ಮೇಲೆ ಕುಳಿತು ಎಲೆ ಮೆಲ್ಲುತ್ತಿತ್ತು. ಮೊಮ್ಮಗಳು ಬಿಸ್ಕತ್ತಿನ ಪೊಟ್ಟಣ ತೆಗೆದಳು.

“ಬ್ಯಾಡವಾ, ಅದರ ಹೊಟ್ಟಿ ಕೆಡ್ತದ” ಅಂದೆ.

“ಬಿಸ್ಕೀಟಿನಿಂದ ಹೊಟ್ಟಿ ಹ್ಯಾಂಗ ಕೆಡ್ತದ ಮುತ್ಯಾ?”

ಒಳ್ಳೆಯ ಪ್ರಶ್ನೆ. ಚಿಕ್ಕವನಿದ್ದಾಗ ಬೆಲ್ಲ, ಶೇಂಗಾ ಎಸೆದು ಪುಣ್ಯ ಬಂತೆಂದು ಹಿಗ್ಗಿದವನೇ ನಾನೂ!

ಮುಸ್ಯಾ, ಅಂದರೆ ಮುಸುವ, ಎಲೆ ತಿನ್ನುವ ಕೋತಿ. ಕೆಂಪು ಮುಖದ ಮಂಗನಂತೆ ತಿಂಡಿ ತುಂಬಿಟ್ಟುಕೊಳ್ಳಲು ಇದಕ್ಕೆ ಕೆನ್ನೆಯಲ್ಲಿ ಚೀಲವಿಲ್ಲ. ಬದಲಿಗೆ ಹೊಟ್ಟೆಯಲ್ಲೇ ಹಲವು ಕೋಣೆಗಳಿವೆ. ಅಲ್ಲಿರುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಎಲೆಯ ನಾರನ್ನು ನಿಧಾನವಾಗಿ ಕೊಳೆಸಿ ಆಹಾರ ಮಾಡುತ್ತವೆ. ತಿಂದ ಮೇಲೆ ಮುಸ್ಯಾ ತಾಸುಗಟ್ಟಲೆ ಸುಮ್ಮನೆ ಕೂರುವುದು ಸೋಮಾರಿತನವಲ್ಲ, ಒಳಗೆ ಕೆಲಸ ನಡೆದಿರುತ್ತದೆ.

ಆಫ್ರಿಕದ ಇಥಿಯೋಪಿಯಾ, ಕೆನ್ಯಾ, ಉಗಾಂಡ ಕಾಡುಗಳಲ್ಲಿ ಇದರ ದಾಯಾದಿಯೊಂದಿದೆ. ಹೆಸರು ಕೊಲೋಬಸ್. ಕಪ್ಪು ಮೈ, ಬೆನ್ನ ಮೇಲೆ ಹೊದ್ದ ಶಾಲಿನಂತೆ ಉದ್ದನೆಯ ಬಿಳಿ ಕೂದಲು. ಮುಸ್ಯಾನ ಮರಿ ಹುಟ್ಟುವಾಗ ಕಪ್ಪಗಿದ್ದರೆ ಇದರ ಮರಿ ಹಾಲಿನಂತೆ ಬೆಳ್ಳಗೆ! ಇದಕ್ಕೆ ಹೆಬ್ಬೆರಳು ಇಲ್ಲವೆಂದೇ ಹೇಳಬೇಕು, ಒಂದು ಸಣ್ಣ ಗಂಟಷ್ಟೇ. ಗ್ರೀಕ್ ಭಾಷೆಯಲ್ಲಿ ‘ಮೊಟಕಾದದ್ದು’ ಎಂಬ ಅರ್ಥದ ಮಾತಿನಿಂದಲೇ ಈ ಹೆಸರು ಬಂತು. ಉಳಿದ ನಾಲ್ಕು ಬೆರಳನ್ನೇ ಕೊಕ್ಕೆ ಮಾಡಿಕೊಂಡು ಟೊಂಗೆಯಿಂದ ಟೊಂಗೆಗೆ ಹಾರುತ್ತದೆ. ಹೊಟ್ಟೆ ಮಾತ್ರ ನಮ್ಮ ಮುಸ್ಯಾನಂಥದ್ದೇ. 19ನೇ ಶತಮಾನದಲ್ಲಿ ಯುರೋಪಿನವರ ಉಡುಪಿಗಾಗಿ ಈ ಚೆಂದದ ಚರ್ಮವನ್ನು ಬೇಟೆಯಾಡಿ ಸಾಗಿಸಿದರು.

ನಾವು ಮುಸ್ಯಾನನ್ನು ಬೇಟೆಯಾಡುವುದಿಲ್ಲ, ಹನುಮಪ್ಪನೆಂದು ಕೈ ಮುಗಿಯುತ್ತೇವೆ. ಆದರೆ ಪ್ರೀತಿಯಿಂದಲೇ ಕೇಡು ಮಾಡುತ್ತೇವೆ. ಜೋಳದ ರಾಶಿಗೆ ಬಾಯಿ ಹಾಕಿದ ಎತ್ತಿನ ಹೊಟ್ಟೆ ಉಬ್ಬುವುದನ್ನು ಆಳಂದ, ಜೇವರ್ಗಿಯ ರೈತರು ಬಲ್ಲರು. ಮುಸ್ಯಾನ ಹೊಟ್ಟೆಯೂ ಹಾಗೆಯೇ. ಸಿಹಿ, ಹಿಟ್ಟಿನ ತಿಂಡಿ ಹೆಚ್ಚಾದರೆ ಒಳಗೆ ಹುಳಿಯೇರಿ ವಾಯು ತುಂಬುತ್ತದೆ. ಕೈತುತ್ತಿನ ರುಚಿ ಹತ್ತಿದರೆ ರಸ್ತೆಗಿಳಿದು ವಾಹನಕ್ಕೆ ಸಿಗುತ್ತದೆ, ಮಕ್ಕಳ ಕೈಯಿಂದ ಕಸಿಯಲು ಹೋಗಿ ಕಚ್ಚುತ್ತದೆ.

ಮಕ್ಕಳೇ, ಕೊಡಲೇಬೇಕೆನಿಸಿದರೆ ಅಜ್ಜ-ಅಜ್ಜಿಯ ಜೊತೆ ಹಳ್ಳದ ದಂಡೆಯಲ್ಲಿ ಒಂದು ಆಲವನ್ನೋ ಅತ್ತಿಯನ್ನೋ ನೆಡಿ. ಎಲೆಯೂ ಸಿಕ್ಕೀತು, ಹಣ್ಣೂ ಸಿಕ್ಕೀತು.

ಮೊಮ್ಮಗಳು ಪೊಟ್ಟಣವನ್ನು ಚೀಲಕ್ಕೆ ಹಾಕಿದಳು. ಮುಸ್ಯಾ ನಮ್ಮನ್ನೊಮ್ಮೆ ನೋಡಿ ಮತ್ತೊಂದು ಚಿಗುರು ಕಿತ್ತುಕೊಂಡಿತು.